ಹಬ್ಬದ ದಿನ ಅಳಬಾರದ ಭೋಂಗಾ

ಹೊತ್ತು ಮೂಡುವ ಮುಂಚೆಯೇ ಮಡಿವಾಳೆಪ್ಪ ಹುಡೇವು ಹತ್ತುತ್ತಾರೆ. ಹುಡೇವೆಂದರೆ ಊರ ದಿಬ್ಬದ ಮೇಲಿರುವ ಹಳೆಯ ಕಾವಲು ಬುರುಜು. ಮೆಟ್ಟಿಲುಗಳು ಸವೆದು ನುಣ್ಣಗಾಗಿವೆ, ಆಷಾಢದ ಜಿಟಿಜಿಟಿ ಮಳೆ ಬೇರೆ. ಅವರ ಹೆಗಲ ಮೇಲೆ ಮಡಚಿದ ಕೌದಿ, ಕೈಯಲ್ಲಿ ಎಣ್ಣೆಯ ಗಿಂಡಿ. ಬುರುಜಿನ ನೆತ್ತಿಯಲ್ಲಿ ನಾಲ್ಕು ಕಂಬ, ಅದರ ಮೇಲೊಂದು ತಗಡು. ತಗಡಿನ ಕೆಳಗೆ ಕಬ್ಬಿಣದ ಮುಕ್ಕಾಲಿಯ ಮೇಲೆ ಒಂದು ಭೋಂಗಾ ಕೂತಿದೆ. ಪೇಟೆಯವರು ಸೈರನ್ ಎನ್ನುತ್ತಾರಲ್ಲ, ಅದೇ. ಕೈಯಿಂದ ತಿರುಗಿಸುವಂಥದು.

ಅದರ ಮೈ ಒರೆಸಿ, ಹಲ್ಲುಗಾಲಿಗಳಿಗೆ ಎಣ್ಣೆ ಬಿಟ್ಟು, ಮಡಿವಾಳೆಪ್ಪ ಕೌದಿ ಬಿಚ್ಚುತ್ತಾರೆ. ಭೋಂಗಾದ ಸುತ್ತ ಎರಡು ಮಡಿಕೆಯಾಗಿ ಹೊದಿಸಿ ಹಗ್ಗದಿಂದ ಬಿಗಿಯುತ್ತಾರೆ. ಆಮೇಲೆ ಹಿಡಿಕೆ ಹಿಡಿದು ತಿರುಗಿಸತೊಡಗುತ್ತಾರೆ. ಒಳಗಿನ ಚಕ್ರ ಗರಗರ ಸುತ್ತುತ್ತದೆ, ಆದರೆ ದನಿ ಹೊರಗೆ ಬರುವುದಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡವರ ಅಳುವಿನಷ್ಟು ಮಾತ್ರ ಕೇಳುತ್ತದೆ, ಅದೂ ಪಕ್ಕದಲ್ಲಿ ನಿಂತ ನನಗೆ.

"ದಿನಾ ತಿರುವಿಲ್ಲಾಂದ್ರ ತುಕ್ಕ ಹಿಡೀತೈತ್ರಿ. ತಿರುವಿದ್ರ ಊರು ತಡ್ಯಾಂಗಿಲ್ಲ. ಅದಕ್ಕ ಹೊಚ್ಚತೇನಿ," ಎನ್ನುತ್ತಾರೆ ಅವರು, ಉಸಿರು ತಿರುಗಿಸಿಕೊಳ್ಳುತ್ತ.

ಮನೋಳಿಯಿಂದ ರಾಮದುರ್ಗಕ್ಕೆ ಹೋಗುವ ಸರ್ವೀಸ್ ಮೋಟಾರಿನಲ್ಲಿ ಕೂತು, ನಡುವೆ ಎಲ್ಲಿಯಾದರೂ ಮಲಪ್ರಭೆಯ ಕಡೆಗೆ ಇಳಿದರೆ ಸಿಗುವ ಊರು ಈ ಹೊಳೆಮುಗಳಿ. ನಾನು ಇಲ್ಲಿಗೆ ಬಂದದ್ದು ಮಡಿವಾಳೆಪ್ಪನವರಿಗಾಗಿ ಅಲ್ಲ, ನಿಜ ಹೇಳಬೇಕು. ಊರಿಗೆ ಲೈಟಿನ ಕಂಬ ಬಂದಿವೆ, ಕಂಬದ ಹಿಂದೆಯೇ ಕರೆಂಟಿನ ಹೊಸ ಭೋಂಗಾ ಬಂದಿದೆ, ಪತ್ರಿಕೆಯಲ್ಲಿ ನಾಲ್ಕು ಸಾಲು ಬರೆಯಿರಿ ಎಂದು ಊರ ಹಿರಿಯರು ಕರೆಸಿದ್ದರು. ಚಹಾ, ಚುರುಮುರಿ, ಹಾರ ಎಲ್ಲ ಆಯಿತು. ಆ ಗದ್ದಲದಲ್ಲಿ ಯಾರೋ "ಹಳೇದು ಹುಡೇವಿನ ಮ್ಯಾಲ ಐತಿ, ಅದರ ಸುದ್ದಿ ಬ್ಯಾಡ" ಎಂದರು. ಬೇಡ ಎಂದ ಕಡೆಗೇ ಕಾಲು ಎಳೆಯುವುದು ನನ್ನ ಕಸುಬಿನ ಚಾಳಿ.

ಮಡಿವಾಳೆಪ್ಪ ಫಿಟ್ಟರ್. ಹತ್ತಿಯ ಸುಗ್ಗಿಯಲ್ಲಿ ಬೈಲಹೊಂಗಲದ ಒಂದು ಜಿನ್ನಿನಲ್ಲಿ, ಅಂದರೆ ಬೀಜ ಬೇರೆ ಮಾಡುವ ಗಿರಣಿಯಲ್ಲಿ, ದುಡಿಯುತ್ತಿದ್ದರು. ಉಳಿದ ದಿನ ಊರಲ್ಲಿ ಗಾಣ, ರಾಟಿ, ಹೊಲಿಗೆ ಮಿಶಿನ್, ಯಾವುದು ಕೆಟ್ಟರೂ ಅವರ ಕಟ್ಟೆಗೇ ಬರುತ್ತಿತ್ತು. ಈಗ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂಬುದೇ ಈ ಬರಹ.

ಹೊಳೆ ಬಂತೆಂದು ಊರಿಗೆ ತಿಳಿಸುವ ಕೆಲಸ ಹುಡೇವಿನದು, ಅಜ್ಜ ಮುತ್ತಜ್ಜರ ಕಾಲದಿಂದ. ಮೊದಲು ಅಲ್ಲಿ ಕಹಳೆ ಇತ್ತು. ಊದುವವನ ಎದೆ ಎಷ್ಟು ಗಟ್ಟಿಯೋ ದನಿ ಅಷ್ಟು ದೂರ. ಕೊನೆಯ ಕಹಳೆಯವನಿಗೆ ದಮ್ಮು ಹತ್ತಿತ್ತು, ಅವನು ಊದಿದರೆ ಬುರುಜಿನ ಕೆಳಗಿನ ಆಡು ಕೂಡ ತಲೆ ಎತ್ತುತ್ತಿರಲಿಲ್ಲವಂತೆ. ಅವನು ತೀರಿಕೊಂಡ ಮೇಲೆ ಯಾರೂ ಕಹಳೆ ಮುಟ್ಟಲಿಲ್ಲ.

"ಜಿನ್ನಿನಾಗ ಉಗಿ ಭೋಂಗಾ ಇತ್ರಿ. ಏನ್ ದನಿ ಅಂತೀರಿ! ಹರದಾರಿ ದೂರ ಕೇಳ್ತಿತ್ತು," ಎಂದು ಮಡಿವಾಳೆಪ್ಪ ಆ ದನಿಯನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ. "ಆದ್ರ ಅದಕ್ಕ ಬಾಯ್ಲರ್ ಬೇಕು, ಬಾಯ್ಲರಿಗೆ ಬೆಂಕಿ ಬೇಕು. ಹೊಳಿ ಬಂದ ಹೊತ್ತಿನ್ಯಾಗ ಹಸಿ ಕಟಿಗಿ ಹಚಗೋತ ಕುಂದರಾಕ ಆಗತೈತೇನ್ರಿ?"

ರಾಮದುರ್ಗ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಕೂಡಿಹೋದ ವರ್ಷ, ಊರಿನ ದಲಾಲಿ ವ್ಯಾಪಾರಿ ಬಸಲಿಂಗಪ್ಪನವರು ಬೆಳಗಾವಿಯಲ್ಲಿ ಯುದ್ಧದ ಹಳೆ ಸಾಮಾನು ಹರಾಜು ಹಾಕುವ ಲಿಲಾವಿಗೆ ಹೋಗಿದ್ದರು. ಅವರಿಗೆ ಬೇಕಾದದ್ದು ಡೇರೆಯ ಬಟ್ಟೆ. ಡೇರೆಯ ಗಂಟಿನ ಜತೆ ಈ ಕೈಭೋಂಗಾ ಗಂಟುಬಿತ್ತು. ವಿಮಾನ ಬಾಂಬು ಹಾಕಲು ಬಂದರೆ ಶಹರದವರನ್ನು ಎಬ್ಬಿಸಲು ಮಾಡಿದ್ದು. ಹೊಳೆಮುಗಳಿಯ ಮೇಲೆ ಬಾಂಬು ಹಾಕುವಷ್ಟು ಬಿಡುವು ಯಾರಿಗಿತ್ತು? ಕಹಳೆಯ ಜಾಗ ಖಾಲಿ ಇತ್ತು, ಇದು ಅಲ್ಲಿ ಹೋಗಿ ಕೂತಿತು. ತಿರುಗಿಸಲು ಮಡಿವಾಳೆಪ್ಪನವರನ್ನು ಕರೆದರು.

ಕೌದಿ ತೆಗೆದು ಅವರು ನನಗೆ ಒಳಗನ್ನು ತೋರಿಸುತ್ತಾರೆ. ಹೊರಗೊಂದು ದುಂಡನೆಯ ಡಬ್ಬಿ, ಅದರ ಸುತ್ತ ಸಣ್ಣ ಕಿಟಕಿಗಳು. ಒಳಗೊಂದು ಚಕ್ರ, ಅದರ ಅಂಚಿಗೂ ಅಂಥವೇ ಕಿಟಕಿಗಳು. ಹಿಡಿಕೆ ತಿರುಗಿಸಿದರೆ ಚಕ್ರ ಗಾಳಿಯನ್ನು ಎಳೆದುಕೊಂಡು ಹೊರಗೆ ದೂಡುತ್ತದೆ. ಒಳಗಿನ ಕಿಟಕಿ ಹೊರಗಿನ ಕಿಟಕಿಗೆ ಎದುರಾದಾಗ ಗಾಳಿ ಹೊರಗೆ ನುಗ್ಗುತ್ತದೆ, ಸರಿದಾಗ ನಿಲ್ಲುತ್ತದೆ. ಹೀಗೆ ತುಂಡು ತುಂಡಾದ ಗಾಳಿಯೇ ದನಿ. ಬಿರುಸಾಗಿ ತಿರುಗಿಸಿದರೆ ದನಿ ಏರುತ್ತದೆ, ಕೈ ಸಡಿಲ ಬಿಟ್ಟರೆ ಇಳಿಯುತ್ತದೆ. ಏರಿಸಿ ಇಳಿಸಿ ತಿರುಗಿಸಿದರೆ ಹೊಳೆ ಬಂತು, ದಿಬ್ಬ ಹತ್ತಿ ಎಂದರ್ಥ. ಒಂದೇ ಸಮನೆ ತಿರುಗಿಸಿದರೆ ಹೊಳೆ ಇಳಿಯಿತು, ಮನೆಗೆ ಹೋಗಿ.

ಮೊದಮೊದಲು ಇದು ಚೀರುತ್ತಿತ್ತಂತೆ. ಸಣ್ಣ ದನಿ, ಕಿವಿಗೆ ಸೂಜಿ. ಹುಡೇವಿನ ಕೆಳಗಿದ್ದವರು ಕಿವಿ ಮುಚ್ಚಿಕೊಂಡರೆ, ನೀರು ಮೊದಲು ನುಗ್ಗುವ ಹೊಳಿಓಣಿಯವರಿಗೆ ಏನೂ ಕೇಳುತ್ತಿರಲಿಲ್ಲ. ಮಳೆಗಾಲದ ಪಡುವಣ ಗಾಳಿ ಅದನ್ನು ನುಂಗುತ್ತಿತ್ತು. ಮಡಿವಾಳೆಪ್ಪನವರ ಮನೆ ಇದ್ದದ್ದೂ ಹೊಳಿಓಣಿಯಲ್ಲೇ. ಜಿನ್ನಿನ ಉಗಿ ಭೋಂಗಾದ ದಪ್ಪ ದನಿ ಅವರ ತಲೆಯಲ್ಲಿತ್ತು. ಅವರು ಚಕ್ರವನ್ನು ಬಿಚ್ಚಿದರು. ಒಳಗೂ ಹೊರಗೂ ಒಂದು ಬಿಟ್ಟು ಒಂದು ಕಿಟಕಿಗೆ ತಗಡಿನ ಚೂರು ಬೆಸೆದರು. ಗಾಳಿ ಈಗ ದೊಡ್ಡ ದೊಡ್ಡ ತುಂಡಾಗಿ ಬರತೊಡಗಿತು, ದನಿ ದಪ್ಪವಾಯಿತು. ಸೀಮೆಎಣ್ಣೆಯ ಡಬ್ಬಿ ಕತ್ತರಿಸಿ ಒಂದು ದೊಡ್ಡ ಬಾಯಿ ಮಾಡಿ, ಹೊಳಿಓಣಿಯ ಕಡೆ ತಿರುಗಿಸಿ ಕಟ್ಟಿದರು. ಮೊದಲ ಸಲ ತಿರುಗಿಸಿದಾಗ ಹೊಳೆಯಾಚೆಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ಎದ್ದು ನಿಂತರು.

ಕೆಲಸ ಗೆದ್ದಿತು. ಆದರೆ ಭೋಂಗಾ ಈಗ ಚೀರುತ್ತಿರಲಿಲ್ಲ, ಅಳುತ್ತಿತ್ತು.

ಮದುವೆ ಮನೆಯಲ್ಲಿ ಸೋಬಾನೆ ಪದ ಎತ್ತಿಕೊಡುವ ಹಿರಿಯಾಕೆ ಶೆಟ್ಟೆವ್ವ ಇಂದಿಗೂ ಆ ದಿನ ನೆನೆಯುತ್ತಾರೆ. "ನಾ ರೊಟ್ಟಿ ಬಡಿಯಾಕ ಹತ್ತಿದ್ನಿರಿ. ಆ ದನಿ ಕೇಳಿ ಹಿಟ್ಟಿನ ಕೈಲೇ ಎದ್ನಿ. ಯಾರ ಮನ್ಯಾಗ ಹ್ವಾದ್ರವಾ ಅಂತ ಓಣಿ ತುಂಬ ಕೇಳಿದ್ನಿ. ಹೆಣದ ಮುಂದ ಹಾಡ್ಯಾಡಿ ಅಳತೀವಲ್ಲರಿ, ಥೇಟ್ ಹಂಗ!"

ಸತ್ತವರ ಗುಣ ಹಾಡಿಕೊಂಡು ಏರಿಸಿ ಇಳಿಸಿ ಅಳುವುದು ಈ ಸೀಮೆಯ ಹೆಂಗಸರ ರೂಢಿ. ಆ ಅಳುವಿಗೂ ಒಂದು ಹೊತ್ತುಗೊತ್ತು ಇದೆ. ಹಬ್ಬದ ದಿನ ಹೊಸ್ತಿಲಿಗೆ ಅರಿಸಿನ ಹಚ್ಚಿದ ಮೇಲೆ ಕಣ್ಣೀರು ಹಾಕಬಾರದು. ಹೆಣ ಬಿದ್ದ ಮನೆಯವರು ಕೂಡ ಹಬ್ಬದ ದಿನ ದನಿ ತೆಗೆಯುವುದಿಲ್ಲ. ಹಾಗಿದ್ದ ಮೇಲೆ ಒಂದು ಕಬ್ಬಿಣದ ಡಬ್ಬಿ ಅಳಬಹುದೇ? ಚಾವಡಿಯಲ್ಲಿ ಹಿರಿಯರು ಕೂಡಿ ನೇಮ ಮಾಡಿದರು. ಹಬ್ಬ, ಹುಣ್ಣಿಮೆ, ಮದುವೆಯ ದಿನ ಭೋಂಗಾ ಅಳಬಾರದು.

"ನಾನೂ ಹೂಂ ಅಂದ್ನಿರಿ," ಎನ್ನುತ್ತಾರೆ ಮಡಿವಾಳೆಪ್ಪ. "ಮಂದಿ ಹೇಳೂದು ತಪ್ಪೇನಿತ್ತು? ಹೋಳಿಗಿ ಬಡಿಸೂ ಮುಂದ ಅಳೂ ದನಿ ಯಾರಿಗಿ ಬೇಕು? ಹೊಳಿಗೆ ಪಂಚಾಂಗ ಓದಾಕ ಬರೂದಿಲ್ಲ ಅನ್ನೂದು ಅವತ್ತ ಯಾರಿಗೂ ನೆಪ್ಪಾಗಲಿಲ್ಲ."

ನೆನಪು ಮಾಡಿಕೊಡಲು ಹೊಳೆ ಎರಡು ಸಲ ಬಂತು. ಮೊದಲ ಸಲ ಕಾರಹುಣ್ಣಿಮೆಯ ದಿನ. ಊರ ಎತ್ತುಗಳೆಲ್ಲ ಕೋಡಿಗೆ ಬಣ್ಣ ಬಳಿದುಕೊಂಡು ಅಗಸೆ ಬಾಗಿಲಲ್ಲಿ ಓಡಲು ನಿಂತಿದ್ದವು. ಹುಡೇವಿನಿಂದ ನೋಡಿದರೆ ನೀರು ದಂಡೆಗೆ ಸಮನಾಗಿತ್ತು. ಮಡಿವಾಳೆಪ್ಪ ನೇಮ ಮುರಿದು ತಿರುಗಿಸಿದರು. ಎತ್ತುಗಳು ಬೆದರಿ ದಿಕ್ಕಾಪಾಲಾದವು, ಒಂದು ಒಳ್ಳೆಯ ಎತ್ತು ಕಾಲು ಮುರಿದುಕೊಂಡಿತು. ಹೊಳೆ ಮಾತ್ರ ದಂಡೆಗೆ ಬಂದದ್ದು ಹಾಗೇ ಇಳಿದುಹೋಯಿತು. ಊರು ಸಿಟ್ಟಾಯಿತು. ಮಡಿವಾಳೆಪ್ಪ ಒದ್ದೆ ಬಟ್ಟೆಯಲ್ಲಿ ಗುಡಿಯ ಮುಂದೆ ನಿಂತು, ತೆಂಗಿನಕಾಯಿ ಒಡೆದು, ತಪ್ಪಾಯಿತು ಎಂದು ಎಲ್ಲರಿಗೂ ಕೈ ಮುಗಿಯಬೇಕಾಯಿತು. ಒಬ್ಬಳೇ ಮಗಳು ಸುಂದರವ್ವ ಮಂದಿಯ ನಡುವೆ ನಿಂತು ಅದನ್ನು ನೋಡಿದಳು. ಅದೇ ವರ್ಷ ಅವಳನ್ನು ಸಿರಸಂಗಿಗೆ ಮದುವೆ ಮಾಡಿಕೊಟ್ಟರು.

ಮರುವರ್ಷ ನಾಗರಪಂಚಮಿಗೆ ಸುಂದರವ್ವ ತವರಿಗೆ ಬಂದಳು. ಮುಂದಿನದನ್ನು ಹೇಳಿದ್ದು ಮಡಿವಾಳೆಪ್ಪನವರ ಹೆಂಡತಿ ರಾಚವ್ವ. ನಾವು ಮಾತಾಡುವಾಗ ಅವರು ಹುಡೇವಿನ ಮೆಟ್ಟಿಲ ಮೇಲೆ ಗಂಡನ ಬುತ್ತಿ ಹಿಡಿದು ಕೂತಿದ್ದರು. ಬಾಯಿ ಬಿಡುವವರಲ್ಲ ಎಂದುಕೊಂಡಿದ್ದೆ, ಆದರೆ ಬಿಟ್ಟ ಮೇಲೆ ನಿಲ್ಲಿಸಲಿಲ್ಲ.

"ಊಟದ ಹೊತ್ರಿ. ಓಣ್ಯಾಗ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿದ್ರು. ಹುಡಿಗ್ಯಾರೆಲ್ಲಾ ಉಂಡಿ ತಿನಕೋತ ಜೀಕಾಕ ಹತ್ತಿದ್ರು. ಆಗ ಇದು ಅಳಾಕ ಸುರು ಮಾಡ್ತು. ಪಂಚಮಿ ದಿನ! ಎಲ್ಲಾರೂ ನನ್ನ ಮಾರಿ ನೋಡಿದ್ರು. ಇಂವಗ ಹ್ವಾದ ವರ್ಷದ್ದು ಸಾಲ್ಲಿಲ್ಲೇನ ಅಂತ ಶೆಟ್ಟೆವ್ವ ಸೆರಗ ಸಿಗಿಸಿ ಹೊಂಟ್ಲು. ಆಕಿ ಹಿಂದ ಅರ್ಧಾ ಊರು ಹೊಂಟ್ತು ಬೈಯಾಕ. ನಂಗೂ ಸಿಟ್ಟ ಬಂದಿತ್ರಿ. ನಡಿ ಸುಂದ್ರಿ, ನಿಮ್ಮಪ್ಪನ ಕೈ ಹಿಡಿಯೂನು ಅಂದ್ನಿ."

ರಾಚವ್ವ ಇಲ್ಲಿ ಒಂದು ಸಲ ಸೆರಗಿನಿಂದ ಮೂಗು ಒರೆಸಿಕೊಂಡರು.

"ಆಕಿ ಬರೂದಿಲ್ಲ ಅಂದ್ಲು. ಊರೆಲ್ಲಾ ಅಪ್ಪಗ ಬೈಯೂದು ಒಮ್ಮೆ ನೋಡೇನಿ, ಇನ್ನೊಮ್ಮೆ ನೋಡಾಕ ಆಗೂದಿಲ್ಲವಾ ಅಂದ್ಲು. ಮಳಿ ಐತಿ, ಹೊಚಗೊಂಡು ಹೋಗು ಅಂತ ತಾ ಹೊಲದಿದ್ದ ಕೌದಿ ನನ್ನ ತಲಿ ಮ್ಯಾಲ ಹಾಕಿದ್ಲು. ಒಳಗ ಹೋಗಿ ಕದಾ ಹಾಕ್ಕೊಂಡ್ಲು."

ಮೇಲೆಲ್ಲೋ ಒಂದು ಕೆರೆ ಒಡೆದು ಅದರ ನೀರೂ ಹೊಳೆಗೆ ಕೂಡಿತ್ತು. ಹುಡೇವಿನ ಮೇಲಿಂದ ಮಡಿವಾಳೆಪ್ಪ ಕಂಡದ್ದು ಇಡಿಯ ಹುಲ್ಲಿನ ಬಣವೆಗಳು ತೇಲಿ ಬರುವುದನ್ನು. ಸಿಟ್ಟಿನ ಮಂದಿ ದಿಬ್ಬ ಹತ್ತಿ ಬಂದರು. ಎಲ್ಲರಿಗಿಂತ ಮುಂದೆ ಬಂದ ಬಸಲಿಂಗಪ್ಪನವರು ಹಿಡಿಕೆಗೆ ಕೈ ಹಾಕಿದರು. ಶೆಟ್ಟೆವ್ವ ಬೈಗುಳದ ಮಳೆ ಸುರಿಸಿದರು. ಮಡಿವಾಳೆಪ್ಪ ಒಂದೇ ಮಾತು ಹೇಳುತ್ತಿದ್ದರಂತೆ, "ಹಿಂದ ತಿರುಗಿ ನೋಡ್ರಿ, ಹಿಂದ ತಿರುಗಿ ನೋಡ್ರಿ." ಅವರು ತಿರುಗಿ ನೋಡುವ ಹೊತ್ತಿಗೆ ಹೊಳಿಓಣಿಯ ಬೇವಿನ ಗಿಡ ಅರ್ಧ ನೀರಿನಲ್ಲಿತ್ತು. ಜೋಕಾಲಿ ಕಾಣುತ್ತಿರಲಿಲ್ಲ.

ಬೈಯಲು ಬಂದವರು ಉಳಿದರು. ಬೈಯಲು ಬಾರದವರು ಹೋದರು. ಮುದುಕರು, ಬಾಣಂತಿಯರು, ನಮಗ್ಯಾಕೆ ಇನ್ನೊಬ್ಬರ ಜಗಳ ಎಂದು ಕೂತ ಸಾಧು ಜನ. ಇಂಥ ಲೆಕ್ಕವನ್ನು ಯಾವ ದೇವರು ಹಾಕುತ್ತಾನೋ ನನಗೆ ತಿಳಿಯದು. ತಿಳಿದಿದ್ದರೆ ಅವನ ಗುಡಿಗೆ ನಾನು ಹೋಗುತ್ತಿರಲಿಲ್ಲ.

ಸುಂದರವ್ವ ಸಿಗಲಿಲ್ಲ. ಕೆಳಗೆ ರಾಮದುರ್ಗದವರೆಗೆ ದಂಡೆ ಹಿಡಿದು ಹುಡುಕಿದರು. ಸಿರಸಂಗಿಯಿಂದ ಅಳಿಯ ಬಂದು ಕೆಲವು ದಿನ ಮಾವನ ಜತೆ ನಡೆದ, ಆಮೇಲೆ ತನ್ನ ಊರಿಗೆ ಹೋದ. ಮಡಿವಾಳೆಪ್ಪ ಭೋಂಗಾಕ್ಕೆ ದಿನಾ ಹೊದಿಸುವ ಕೌದಿ ರಾಚವ್ವ ಅಂದು ತಲೆಯ ಮೇಲೆ ಹೊದ್ದು ಬಂದದ್ದೇ. ಕೆಂಪು ಅಂಚು, ನಡುವೆ ಹಸಿರು ಚೌಕಗಳು, ಸಣ್ಣ ಒತ್ತು ಹೊಲಿಗೆ. ಅಲ್ಲಲ್ಲಿ ಎಣ್ಣೆಯ ಕಲೆ ಬಿದ್ದಿದೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯಿದೆ. ಹೊಳೆಮುಗಳಿಯವರು ಬಾಗಿಲನ್ನೇ ಕಿತ್ತು ಹಾಕಿದರು. ಆ ಪಂಚಮಿಯ ನಂತರ ಭೋಂಗಾ ಯಾವ ದಿನವೂ ಅಳಬಾರದೆಂದು ನೇಮವಾಯಿತು. ಮೊದಲು ಅದರ ದನಿ ಯಾರದೋ ಸಾವಿನ ಹಾಗಿತ್ತು. ಈಗ ಅದು ತಮ್ಮ ಮನೆಯ ಸಾವೇ ಆಗಿತ್ತು. ಮಡಿವಾಳೆಪ್ಪನವರ ಕಟ್ಟೆಗೆ ಮಿಶಿನ್ ತರುವುದನ್ನೂ ಜನ ಬಿಟ್ಟರು. ಸಿಟ್ಟಿನಿಂದಲ್ಲ. ಅವರ ಮುಖ ನೋಡಿದರೆ ಆ ದನಿ ಕೇಳಿಸುತ್ತದಂತೆ.

ಈಗ ಬಸಲಿಂಗಪ್ಪನವರು ಊರ ಕಮಿಟಿಯ ಮುಖ್ಯಸ್ಥರು. ಹೊಸ ಭೋಂಗಾವನ್ನು ಅವರೇ ಮುಂದೆ ನಿಂತು ತರಿಸಿದ್ದಾರೆ. ಕಮಿಟಿ ಕಚೇರಿಯ ಮಾಡಿನ ಮೇಲೆ, ಹುಡೇವಿಗಿಂತ ಎಷ್ಟೋ ಕೆಳಗೆ, ಬಿಳಿ ಬಣ್ಣ ಹೊಡೆದುಕೊಂಡು ಕೂತಿದೆ. ಒಳಗೆ ಅದೇ ಚಕ್ರ, ಅದೇ ಕಿಟಕಿ. ತಿರುಗಿಸಲು ಕೈಯ ಬದಲು ಮೋಟಾರು. ಗುಂಡಿ ಒತ್ತಿದರೆ ಒಂದೇ ಸಮನೆ ಸಣ್ಣಗೆ ಕೂಗುತ್ತದೆ. ಗುಂಡಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಇದೂ ಏರಿಳಿಯುತ್ತದೆ, ಆದರೆ ಹಾಗೆ ಮಾಡಕೂಡದೆಂದು ಠರಾವಾಗಿದೆ. ಶಾಲೆ ಬಿಡುವ ಹೊತ್ತಿಗೆ, ಊಟದ ಹೊತ್ತಿಗೆ, ದೀಪ ಹಚ್ಚುವ ಹೊತ್ತಿಗೆ ದಿನಾ ಕೂಗುತ್ತದೆ. ಹಾಡಿದ್ದೇ ಹಾಡೋ ಕಿಸಬಾಯಿದಾಸನನ್ನು ಯಾರು ಕೇಳುತ್ತಾರೆ? ನಾನಿದ್ದಾಗಲೇ ಒಮ್ಮೆ ಕೂಗಿತು. ಕಟ್ಟೆಯ ಮೇಲೆ ಚೌಕಾಬಾರ ಆಡುತ್ತಿದ್ದವರು ಕವಡೆಯಿಂದ ಕಣ್ಣು ಎತ್ತಲಿಲ್ಲ.

ಹೊಳೆ ಬಂದರೆ ಇದು ಹೇಗೆ ಕೂಗಬೇಕು ಎಂದು ಬಸಲಿಂಗಪ್ಪನವರನ್ನು ಕೇಳಿದೆ. ಅವರು ಟೊಪ್ಪಿಗೆ ತೆಗೆದು ಮಡಚತೊಡಗಿದರು.

"ಅದನ್ನ ಕಮಿಟಿ ಇನ್ನೂ ಠರಾವ್ ಮಾಡಿಲ್ಲರಿ," ಎಂದರು ಮೊದಲು. ಆಮೇಲೆ ಮೆಲ್ಲಗೆ, "ನೀವು ಸಿಟ್ಟ ಮಾಡಬ್ಯಾಡ್ರಿ. ಅವತ್ತ ಆ ಹಿಡಿಕಿ ಮ್ಯಾಲ ನನ್ನ ಕೈ ಇತ್ತು. ಇನ್ನೊಮ್ಮೆ ಆ ದನಿ ಕೇಳಿದ್ರ ನನ್ನ ಎದಿ ಒಡೀತೈತಿ. ಊರಂದೂ ಹಂಗ," ಎಂದರು.

ನಾನು ಸಿಟ್ಟು ಮಾಡಲೇಬೇಕೆಂದು ಹೋಗಿದ್ದೆ, ಆಗಲಿಲ್ಲ. ಬೈಯಲು ಒಬ್ಬ ಕೆಟ್ಟ ಮನುಷ್ಯ ಸಿಕ್ಕಿದ್ದರೆ ಈ ಬರಹ ಹಗುರಾಗುತ್ತಿತ್ತು. ಇಲ್ಲಿರುವುದು ನೊಂದ ಒಂದು ಊರು. ನೋವು ತಾಳದೆ ತನ್ನ ಕಿವಿಯನ್ನು ತಾನೇ ಮುಚ್ಚಿಕೊಂಡಿದೆ, ಮಗ್ಗುಲಲ್ಲಿ ಹೊಳೆ ಹರಿಯುತ್ತಲೇ ಇದೆ. ಪಂಚಮಿ ಹತ್ತಿರ ಬಂತು. ಹೊಳಿಓಣಿಯಲ್ಲಿ ಮತ್ತೆ ಮನೆಗಳೆದ್ದಿವೆ, ಹಳೆಯ ಅಡಿಪಾಯದ ಮೇಲೆಯೇ. ಬೇವಿನ ಗಿಡಕ್ಕೆ ಈ ವರ್ಷವೂ ಜೋಕಾಲಿ ಕಟ್ಟುತ್ತಾರಂತೆ. ಹೊಸ ಭೋಂಗಾದ ತಂತಿ ಮಳೆ ಜೋರಾದಾಗಲೆಲ್ಲ ಕೆಡುತ್ತದೆ ಎಂದೂ ಕೇಳಿದೆ.

ಹೊರಡುವ ದಿನ ಬೆಳಿಗ್ಗೆ ಮತ್ತೆ ಹುಡೇವು ಹತ್ತಿದೆ. ಮಡಿವಾಳೆಪ್ಪ ಕೌದಿ ಬಿಗಿದು ತಿರುಗಿಸುತ್ತಿದ್ದರು. ಅವರ ಬಲ ಭುಜ ಎಡಕ್ಕಿಂತ ಜೋತುಬಿದ್ದಿದೆ. ಕಣ್ಣು ಮಾತ್ರ ಹೊಳೆಯ ಮೇಲೆಯೇ ಇತ್ತು, ಕೆಮ್ಮಣ್ಣಿನ ನೀರು ಅಂದು ಬಂಡೆಗಳನ್ನು ಮುಚ್ಚಿತ್ತು. ಹೊಸದು ಬಂದ ಮೇಲೂ ಇದನ್ನು ಯಾಕೆ ಜೋಪಾನ ಮಾಡುತ್ತೀರಿ ಎಂದೆ.

"ಹೊಸಾದು ಛಲೋನ ಐತ್ರಿ. ನಾ ಅದಕ್ಕ ಹೆಸರ ಇಡೂದಿಲ್ಲ. ಆದ್ರ ಅದಕ್ಕ ಅಳಾಕ ಬಿಟ್ಟಿಲ್ಲ. ಅಳಾಕ ಒಬ್ಬರರ ಬೇಕಲ್ಲರಿ ಊರಿಗೆ."

ನಿಮಗೇನಾದರೂ ಬೇಕೇ, ಕಮಿಟಿಗೆ ಏನಾದರೂ ಹೇಳಲೇ ಎಂದು ಕೇಳಿದೆ. ಬೇಡವೆಂದು ತಲೆ ಆಡಿಸಿದರು. ಹಿಡಿಕೆ ಬಿಟ್ಟರು. ಚಕ್ರ ನಿಧಾನವಾಗಿ ನಿಂತಿತು. ಮೆಟ್ಟಿಲ ಮೇಲೆ ಕೂತ ರಾಚವ್ವನವರ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿದರು.

"ಪೇಪರಿನ್ಯಾಗ ಬರೀತೀರಲ್ಲ, ಇಷ್ಟ ಬರೀರಿ. ಹೊಳಿ ಬಂದ ದಿನ ಹಬ್ಬ ಇರ್ಲಿ, ಮದುವಿ ಇರ್ಲಿ, ನಾ ಕೌದಿ ತಗದು ಇದನ್ನ ಅಳಸಾಂವ. ನನ್ನ ಯಾರೂ ನಂಬಬ್ಯಾಡ್ರಿ, ಬೈಯಾಕರ ಬರ್ರಿ. ಮುದುಕರನ್ನ ಹೊತಗೊಂಡು, ಕೂಸು ಎತಗೊಂಡು, ಮನಿಮಂದಿ ಎಲ್ಲಾ ಕೂಡಿ ಬೈಯಾಕ ಬರ್ರಿ. ನನ್ನ ಮ್ಯಾಲ ಕರುಣಾ ಬಂದು ಯಾರೂ ಮನ್ಯಾಗ ಕುಂದರಬ್ಯಾಡ್ರಿ."